ಹೇಳದೆ ಬಿಟ್ಟ ಕೆಲಸ, ಮುಂದೆ ಸಿಗಬೇಕಾದ ಕೆಲಸ

ಸಂಬಳ ಖಾತೆಗೆ ಬಿದ್ದ ಮರುದಿನ ಶಿಫ್ಟಿಗೆ ಬಾರದವರ ಪಟ್ಟಿ ನಂಜನಗೂಡು ಮತ್ತು ತಾಂಡ್ಯ ಕೈಗಾರಿಕಾ ಪ್ರದೇಶಗಳ ಮೇಲ್ವಿಚಾರಕರಿಗೆ ಹೊಸದಲ್ಲ. ಎರಡು ಮೂರು ದಿನ ಫೋನ್ ಮಾಡಿ ನೋಡುತ್ತಾರೆ, ಸ್ವಿಚ್ ಆಫ್ ಬರುತ್ತದೆ. ಆಮೇಲೆ ಅದೇ ಲೈನಿನ ಗೆಳೆಯನೊಬ್ಬ ‘ಅವ್ನು ಬಿಟ್ಬುಟ್ಟ ಸಾರ್, ಬೇರೆ ಕಡೆ ಸೇರ್ಕಂಡವ್ನೆ’ ಎನ್ನುತ್ತಾನೆ. ರಾಜೀನಾಮೆ ಪತ್ರವಿಲ್ಲ, ನೋಟಿಸ್ ಇಲ್ಲ. ತಿರುಮಕೂಡಲು ನರಸೀಪುರದ ಬಟ್ಟೆ ಅಂಗಡಿ, ಖಾಸಗಿ ಶಾಲೆ, ನರ್ಸಿಂಗ್ ಹೋಂಗಳಲ್ಲೂ ಇದೇ ಕಥೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಹೀಗೆ ಹೇಳದೆ ಕೇಳದೆ ಕೆಲಸ ಬಿಡುವುದು ತಪ್ಪೇ, ತಪ್ಪಾದರೆ ಎಷ್ಟು ದೊಡ್ಡ ತಪ್ಪು, ಅದರ ನೆರಳು ಮುಂದಿನ ಕೆಲಸದ ಮೇಲೆ ಎಷ್ಟು ಕಾಲ ಬೀಳಬೇಕು ಎಂಬ ಪ್ರಶ್ನೆಗಳಿಗೆ ಮಾಲೀಕರ ಬಳಿ ಒಂದು ಉತ್ತರವಿದೆ, ಕೆಲಸಗಾರರ ಬಳಿ ಇನ್ನೊಂದಿದೆ. ಎರಡೂ ಪ್ರಾಮಾಣಿಕ ಉತ್ತರಗಳೇ. ಆದ್ದರಿಂದಲೇ ಈ ವಿಷಯವನ್ನು ಆತುರವಿಲ್ಲದೆ ತೂಗಿ ನೋಡಬೇಕಾಗಿದೆ.

ಮೊದಲು ಈ ಸೀಮೆಯ ದುಡಿಮೆಯ ಸ್ವರೂಪ ಗಮನಿಸಬೇಕು. ನಂಜನಗೂಡಿನಲ್ಲಿ ನೆಸ್ಲೆ ಕಾರ್ಖಾನೆ ಬಂದದ್ದು 1989ರಲ್ಲಿ. ಹಿಮ್ಮಾವಿನಲ್ಲಿ ಏಷ್ಯನ್ ಪೇಂಟ್ಸ್ ಉತ್ಪಾದನೆ ಶುರು ಮಾಡಿದ್ದು 2018ರಲ್ಲಿ. ಔಷಧದ ಕಚ್ಚಾವಸ್ತು ತಯಾರಿಸುವ ಜುಬಿಲಿಯೆಂಟ್, ಸರ್ಕ್ಯೂಟ್ ಬೋರ್ಡ್ ಮಾಡುವ ಎಟಿ ಅಂಡ್ ಎಸ್, ಸೌತ್ ಇಂಡಿಯಾ ಪೇಪರ್ ಮಿಲ್, ಅಳಗಂಚಿಯ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಇವೆಲ್ಲ ಒಂದೇ ತಾಲ್ಲೂಕಿನಲ್ಲಿವೆ. ನರಸೀಪುರದ ಕಡೆ ದೊಡ್ಡ ಕಾರ್ಖಾನೆಗಳು ಕಡಿಮೆ. ಅಲ್ಲಿ ಗದ್ದೆ, ರೇಷ್ಮೆ, ವ್ಯಾಪಾರಗಳೇ ಆಧಾರ. ಮೈಸೂರು ಸಿಲ್ಕ್ ಸೀರೆಗೆ ನೂಲು ಒದಗಿಸುವ ಕೆಎಸ್‌ಐಸಿಯ ಫಿಲೇಚರ್ ಆ ಊರಿನ ಹೆಸರಾಂತ ಉದ್ಯಮ. ಎರಡೂ ಕಡೆಯ ಹಳ್ಳಿಗಳಿಂದ ಯುವಕ ಯುವತಿಯರು ಬಸ್ಸು, ಬೈಕು, ಕಂಪನಿ ವಾಹನ ಹತ್ತಿ ಶಿಫ್ಟಿಗೆ ಹೋಗುತ್ತಾರೆ. ಒಂದೇ ಗೇಟಿನಲ್ಲಿ ಕಾಯಂ ಕಾರ್ಮಿಕರೂ ಗುತ್ತಿಗೆದಾರರ ಮೂಲಕ ಬಂದವರೂ ಒಳಹೋಗುತ್ತಾರೆ. ದುಡಿಮೆ ಅಕ್ಕಪಕ್ಕದಲ್ಲೇ ನಡೆಯುತ್ತದೆ, ಆದರೆ ಅವರ ಹಕ್ಕುಗಳ ಪಟ್ಟಿ ಬೇರೆ ಬೇರೆ. ಈ ವ್ಯತ್ಯಾಸವನ್ನು ಬಿಟ್ಟು ನೋಟಿಸಿನ ಬಗ್ಗೆ ನ್ಯಾಯವಾಗಿ ಮಾತಾಡಲು ಸಾಧ್ಯವಿಲ್ಲ ಎಂದು ನನಗನಿಸುತ್ತದೆ.

ಮಾಲೀಕರ ಪಕ್ಷದ ಅತ್ಯಂತ ಗಟ್ಟಿಯಾದ ವಾದ ಕೆಲಸದ ಸ್ವಭಾವದಿಂದಲೇ ಹುಟ್ಟುತ್ತದೆ. ರಾಸಾಯನಿಕ ಕಾರ್ಖಾನೆಯ ರಿಯಾಕ್ಟರ್ ಮುಂದೆ ನಿಲ್ಲುವವನಿಗೆ, ಬಾಯ್ಲರ್ ನೋಡಿಕೊಳ್ಳುವವನಿಗೆ ತರಬೇತಿ ಬೇಕು. ಅವನ ಜಾಗಕ್ಕೆ ಬೆಳಗಾಗುವುದರೊಳಗೆ ಇನ್ನೊಬ್ಬನನ್ನು ತಂದು ನಿಲ್ಲಿಸಲಾಗದು. ನಿಲ್ಲಿಸಿದರೆ ಅದು ಅವನಿಗೂ ಅಪಾಯ, ಸುತ್ತಲಿನವರಿಗೂ ಅಪಾಯ. ಸಕ್ಕರೆ ಕಾರ್ಖಾನೆಯಲ್ಲಿ ಅರೆಯುವ ಹಂಗಾಮು ನಡೆದಿರುವಾಗ ಕೈಗಳು ಕಡಿಮೆಯಾಗಿ ಗಾಣ ನಿಧಾನವಾದರೆ, ಯಾರ್ಡಿನಲ್ಲಿ ನಿಂತ ಗಾಡಿಯ ಕಬ್ಬು ಒಣಗುತ್ತದೆ. ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಆ ನಷ್ಟದಲ್ಲಿ ಕಂಪನಿಯ ಜತೆ ಕಬ್ಬು ಬೆಳೆದ ರೈತನಿಗೂ ಪಾಲಿದೆ. ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಬೇಯಿಸಿದ ಗೂಡನ್ನು ನಾಳೆಗೆ ಇಟ್ಟುಕೊಳ್ಳಲು ಬರುವುದಿಲ್ಲ. ಖಾಸಗಿ ಶಾಲೆಯ ಗಣಿತದ ಟೀಚರು ಜನವರಿಯಲ್ಲಿ ಬರುವುದನ್ನು ನಿಲ್ಲಿಸಿದರೆ ಹತ್ತನೇ ತರಗತಿಯ ಮಕ್ಕಳು ಮಾರ್ಚಿನಲ್ಲಿ ಅದರ ಫಲ ಉಣ್ಣುತ್ತಾರೆ.

ಇದರೊಂದಿಗೆ ಸಹೋದ್ಯೋಗಿಗಳ ಮಾತೂ ಸೇರುತ್ತದೆ. ಹೇಳದೆ ಹೋದವನ ಹೊರೆಯನ್ನು ಮೊದಲು ಹೊರುವವರು ಪಕ್ಕದಲ್ಲಿ ನಿಂತಿದ್ದವರು; ಮ್ಯಾನೇಜರಿಗೆ ಅದು ತಲುಪುವುದು ಆಮೇಲೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವಳನ್ನು ‘ಇನ್ನೊಂದು ಶಿಫ್ಟ್ ಮಾಡಮ್ಮ, ಜನ ಇಲ್ಲ’ ಎಂದು ನಿಲ್ಲಿಸಿಕೊಳ್ಳುತ್ತಾರೆ. ಅವಳ ಮಗು ಅಂದು ಅಜ್ಜಿಯ ಮನೆಯಲ್ಲೇ ಉಳಿಯುತ್ತದೆ. ನೋಟಿಸ್ ಎಂಬುದನ್ನು ಯಜಮಾನನಿಗೆ ಸಲ್ಲಿಸುವ ಗೌರವ ಎಂದಷ್ಟೇ ನೋಡುವವರು ಈ ಭಾಗವನ್ನು ಮರೆಯುತ್ತಾರೆ.

ಹಾಗಿದ್ದರೆ ಕೆಲಸಗಾರನ ಉತ್ತರವೇನು? ಅವನ ಮೊದಲ ಮಾತು ಸಮತೆಯದು. ಗುತ್ತಿಗೆಯವನ ಗೇಟ್‌ಪಾಸ್ ರದ್ದಾಗುವುದಕ್ಕೆ ಎಷ್ಟು ದಿನದ ನೋಟಿಸ್ ಕೊಡುತ್ತಾರೆ? ಆರ್ಡರ್ ಕಡಿಮೆಯಾದಾಗ ‘ನಾಳೆಯಿಂದ ಬರಬೇಡಿ, ಹೇಳಿ ಕಳಿಸ್ತೀವಿ’ ಎನ್ನುವುದು ಇಲ್ಲಿ ಎಷ್ಟು ಜನ ಕೇಳಿದ ಮಾತು! ಓದಿದವರ ಪಾಡೂ ಬೇರೆಯಲ್ಲ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ನಿದರ್ಶನವಿದೆ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ತರಬೇತಿ ನೌಕರರನ್ನು ಕಳುಹಿಸಿತು. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ತೇರ್ಗಡೆಯಾಗದವರನ್ನಷ್ಟೇ ಕೈಬಿಡಲಾಗಿದೆ, ಇದು ನೇಮಕದ ಷರತ್ತಿನಲ್ಲೇ ಇತ್ತು ಎಂದು ಕಂಪನಿ ಹೇಳಿತು. ರಾಜ್ಯದ ಕಾರ್ಮಿಕ ಇಲಾಖೆ ವಿಚಾರಿಸಿ, ಅವರು ತರಬೇತಿಯಲ್ಲಿದ್ದವರಾದ ಕಾರಣ ಕಾನೂನು ಉಲ್ಲಂಘನೆಯಾಗಿಲ್ಲ ಎಂಬ ನಿಲುವಿಗೆ ಬಂತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಗಂಟುಮೂಟೆ ಕಟ್ಟಿಕೊಂಡು ಅದೇ ದಿನ ಹೊರಟ ಮಕ್ಕಳ ಸುದ್ದಿ ಓದಿದ ಹಳ್ಳಿಯ ತಂದೆತಾಯಿಗೆ, ನೋಟಿಸ್ ಎಂಬ ಶಿಷ್ಟಾಚಾರ ಒಂದೇ ಕಡೆಯಿಂದ ಬೇಡುವಂಥದು ಎಂದು ತೋರಿದರೆ ಅವರನ್ನು ದೂರಲಾಗದು.

ಇಲ್ಲಿ ಮಾಲೀಕರಿಗೂ ಹೇಳಲಿಕ್ಕೆ ಇದೆ. ಸಮತೆ ಇಲ್ಲವೆಂಬುದು ಪೂರ್ತಿ ನಿಜವಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಮು ಒಂದು ವರ್ಷ ನಿರಂತರ ದುಡಿದ ಕಾರ್ಮಿಕನನ್ನು ರಿಟ್ರೆಂಚ್ ಮಾಡಲು, ಅಂದರೆ ಕೆಲಸದಿಂದ ಕಡಿತಗೊಳಿಸಲು, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಮೇಲೆ ವರ್ಷಕ್ಕೆ 15 ದಿನದ ವೇತನ ಕೊಡಬೇಕೆಂದು ಹೇಳಿತು. ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆರು ತಿಂಗಳು ದುಡಿದವನನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ನರಸೀಪುರದ ಅಂಗಡಿಯವನಿಗೂ ಇದು ಅನ್ವಯಿಸುತ್ತದೆ. ಕೆಲಸದ ಷರತ್ತುಗಳನ್ನು ಹೇಳುವ, 1946ರ ಕಾಯ್ದೆಯಡಿ ಬಂದ ಮಾದರಿ ಸ್ಥಾಯಿ ಆದೇಶಗಳಂತೂ ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕ ಇಟ್ಟಿದ್ದವು: ತಿಂಗಳ ಸಂಬಳದ ಕಾಯಂ ಕಾರ್ಮಿಕನಾದರೆ ಯಾರು ಬಿಟ್ಟರೂ ಒಂದು ತಿಂಗಳು, ಉಳಿದ ಕಾಯಂ ಕಾರ್ಮಿಕರಿಗೆ ಎರಡು ವಾರ. ಕಾನೂನು ನಮ್ಮನ್ನು ಇಷ್ಟು ಕಟ್ಟಿಹಾಕಿರುವಾಗ ಎದುರಿನವರಿಂದ ಅಷ್ಟನ್ನೇ ನಿರೀಕ್ಷಿಸುವುದು ಅನ್ಯಾಯವೇ ಎಂಬ ಅವರ ಪ್ರಶ್ನೆ ತಳ್ಳಿಹಾಕುವಂಥದಲ್ಲ.

ಆದರೆ ಅದೇ ಮಾದರಿ ಆದೇಶಗಳಲ್ಲಿ ಇನ್ನೊಂದು ಸಾಲಿತ್ತು. ತಾತ್ಕಾಲಿಕ, ಬದಲಿ ಮತ್ತು ಪ್ರೊಬೇಷನ್ ಕಾರ್ಮಿಕರಿಗೆ ಈ ನೋಟಿಸಿನ ಹಕ್ಕಿಲ್ಲ. ಅವರನ್ನು ದಂಡನೆಯಾಗಿ ತೆಗೆಯುವಾಗ ಮಾತ್ರ ವಿವರಣೆ ಕೇಳಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸ್ಥಾಯಿ ಆದೇಶಗಳ ಅಧ್ಯಾಯ 300 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಘಟಕಗಳಿಗಷ್ಟೇ ಕಡ್ಡಾಯ. ಸಮಾನ ನೋಟಿಸಿನ ಆ ಹಳೆಯ ಏರ್ಪಾಡು ಎಲ್ಲರನ್ನೂ ಎಂದೂ ಮುಟ್ಟಿರಲಿಲ್ಲ, ಈಗ ಇನ್ನೂ ಕಡಿಮೆ ಜನರನ್ನು ಮುಟ್ಟುತ್ತದೆ. ತಾಂಡ್ಯದ ಸಣ್ಣ ಘಟಕದಲ್ಲಿ ಗುತ್ತಿಗೆದಾರನ ಕೆಳಗೆ ದುಡಿಯುವ ಹುಡುಗನಿಗೆ ನೇಮಕಾತಿ ಪತ್ರವೇ ಇರುವುದಿಲ್ಲ ಎಂದಾದರೆ, ಯಾವ ಪತ್ರದಲ್ಲಿ ಬರೆದ ನೋಟಿಸ್ ಅವಧಿಯನ್ನು ಅವನು ಮುರಿದ?

ಬಡವನಿಗೆ ಒಂದು ತಿಂಗಳು ಎಷ್ಟು ಉದ್ದ ಎಂಬುದನ್ನೂ ನೋಡಬೇಕು. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಾಳದೆ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲವು ಕುಟುಂಬಗಳು ಮನೆಗೆ ಬೀಗ ಹಾಕಿ ಹೋದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ವಾರ ವಾರ ಕಂತು ಕಟ್ಟುವ ಮನೆಯ ಹುಡುಗನಿಗೆ ಎರಡು ಸಾವಿರ ಹೆಚ್ಚು ಕೊಡುವ ಕೆಲಸ ಸಿಕ್ಕಿದೆ, ಹೊಸ ಕಂಪನಿಯವರು ‘ಸೋಮವಾರ ಬಂದರೆ ಕೆಲಸ, ಇಲ್ಲದಿದ್ದರೆ ಬೇರೆಯವರಿಗೆ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಅವನು ಹಳೆಯ ಕಂಪನಿಗೆ ಮೂವತ್ತು ದಿನ ನಿಷ್ಠೆ ತೋರಿಸಿದರೆ ಹೊಸದು ಕೈತಪ್ಪುತ್ತದೆ. ಗಮನಿಸಬೇಕಾದದ್ದು ಇದು: ‘ತಕ್ಷಣ ಸೇರುವವರು ಬೇಕು’ ಎಂದು ಜಾಹೀರಾತು ಹಾಕುವವರೂ ಉದ್ಯಮಿಗಳೇ, ‘ಹೇಳದೆ ಬಿಟ್ಟ’ ಎಂದು ಕೊರಗುವವರೂ ಉದ್ಯಮಿಗಳೇ. ಪಕ್ಕದ ಕಾರ್ಖಾನೆಯಿಂದ ಹೀಗೆ ಬಂದವನನ್ನು ಸಂತೋಷದಿಂದ ಸೇರಿಸಿಕೊಂಡವರು, ತಮ್ಮಿಂದ ಹೋದವನ ಮೇಲೆ ಮುನಿಯುವುದಕ್ಕೆ ಮೊದಲು ಸ್ವಲ್ಪ ಯೋಚಿಸಬೇಕು.

ಕೆಲಸ ಬಿಡುವ ಸ್ವಾತಂತ್ರ್ಯಕ್ಕೆ ಈ ನಾಡಿನಲ್ಲಿ ಒಂದು ಚರಿತ್ರೆಯೂ ಇದೆ. 1859ರಲ್ಲಿ ಬ್ರಿಟಿಷರು ತಂದ ಕಾಯ್ದೆಯೊಂದು, ಮುಂಗಡ ಪಡೆದು ಕೆಲಸ ಬಿಟ್ಟ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಲು ಅವಕಾಶ ಕೊಟ್ಟಿತ್ತು. ಅದು 1925ರ ರದ್ದತಿ ಕಾಯ್ದೆಯಿಂದ ಕೊನೆಗೊಂಡಿತು. ಆಮೇಲೆ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ‘ಸಾಲ ತೀರುವವರೆಗೆ ಹೋಗುವ ಹಾಗಿಲ್ಲ’ ಎಂಬ ಮಾತು ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಜ್ಜಂದಿರ ಕಾಲದ ನೆನಪಾಗಿ ಇನ್ನೂ ಉಳಿದಿದೆ. ಹಾಗಾಗಿ ಯಾವುದೇ ನೋಟಿಸ್ ನಿಯಮ ‘ಹೋಗಬಾರದು’ ಎಂಬ ಅರ್ಥ ಕೊಡತೊಡಗಿದರೆ ದುಡಿಯುವ ಜನ ಅದನ್ನು ಅನುಮಾನದಿಂದ ನೋಡುವುದು ಸಹಜ. ಒಲ್ಲದ ನೌಕರನನ್ನು ದುಡಿಯುವಂತೆ ಯಾವ ಕೋರ್ಟೂ ಆದೇಶಿಸುವುದಿಲ್ಲ. ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ ತತ್ವವೇ ಅದು.

ಮಾಲೀಕರ ಪರ ವಕೀಲರು ಇದನ್ನು ಒಪ್ಪಿ, ಒಂದು ಭೇದ ಮಾಡುತ್ತಾರೆ. ಹೋಗುವ ಹಕ್ಕು ಬೇರೆ, ಹೋದದ್ದರ ಖರ್ಚು ಬೇರೆ. ಈ ಭೇದಕ್ಕೆ ಸುಪ್ರೀಂ ಕೋರ್ಟಿನ ಬೆಂಬಲವಿದೆ, ಮತ್ತು ಆ ಪ್ರಕರಣ ಹೋದದ್ದು ಕರ್ನಾಟಕದಿಂದಲೇ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ, ಮೂರು ವರ್ಷ ದುಡಿಯುತ್ತೇನೆ, ಇಲ್ಲವಾದರೆ 2 ಲಕ್ಷ ರೂಪಾಯಿ ಕೊಡುತ್ತೇನೆ ಎಂಬ ಷರತ್ತಿಗೆ ಸಹಿ ಹಾಕಿ 2007ರಲ್ಲಿ ಸೇರಿ, 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಹಣವನ್ನು ಆಕ್ಷೇಪಣೆಯೊಂದಿಗೆ ಕಟ್ಟಿ ಮೊಕದ್ದಮೆ ಹೂಡಿದರು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು: ಷರತ್ತು ಬೇರೆಡೆ ದುಡಿಯುವುದನ್ನು ತಡೆಯುವುದಿಲ್ಲ, ಮಧ್ಯದಲ್ಲಿ ಬಿಟ್ಟರೆ ಸಾರ್ವಜನಿಕ ಬ್ಯಾಂಕು ಮತ್ತೆ ಖರ್ಚಿನ ನೇಮಕಾತಿ ಪ್ರಕ್ರಿಯೆ ನಡೆಸಬೇಕಾಗುತ್ತದೆ, ಆದ್ದರಿಂದ ಇದು ಸಾರ್ವಜನಿಕ ನೀತಿಗೆ ವಿರುದ್ಧವಲ್ಲ ಎಂದಿತು. ತರಬೇತಿಗೆ ಹಣ ಹಾಕಿದ ಯಾವುದೇ ಸಂಸ್ಥೆಗೆ ಈ ತೀರ್ಪು ಧೈರ್ಯ ಕೊಡುತ್ತದೆ.

ಆದರೂ ಅದನ್ನು ಓದುವಾಗ ಎಚ್ಚರ ಬೇಕು. ಅಲ್ಲಿದ್ದವರು ಹಿರಿಯ ಶ್ರೇಣಿಯ ಅಧಿಕಾರಿ. ಆ ಮೊತ್ತ ಕಟ್ಟುವ ಶಕ್ತಿ ಅವರಿಗಿದೆ ಎಂಬುದನ್ನೂ ಕೋರ್ಟು ಗಮನಿಸಿತ್ತು. ಐಟಿಐ ಮುಗಿಸಿದ ಹದಿನೆಂಟರ ಹುಡುಗನಿಂದ ಮೂರು ತಿಂಗಳ ಸಂಬಳದ ಬಾಂಡ್ ಬರೆಸಿಕೊಂಡು, ಒಂದು ವಾರ ಮೆಷಿನ್ ತೋರಿಸಿ ಅದನ್ನು ‘ತರಬೇತಿ’ ಎಂದು ಕರೆದರೆ ಆ ತೀರ್ಪಿನ ನೆರಳು ಅದಕ್ಕೆ ಸಿಗುತ್ತದೆಂದು ಭಾವಿಸಬೇಕಿಲ್ಲ. 1872ರ ಕರಾರು ಕಾಯ್ದೆ ಕೊಡಿಸುವುದು ನ್ಯಾಯವಾದ ಪರಿಹಾರವನ್ನಷ್ಟೇ. ಬರೆದ ಮೊತ್ತ ಅದಕ್ಕೆ ಮೇಲ್ಮಿತಿ ಮಾತ್ರ. ಮೂಲ ಅಂಕಪಟ್ಟಿಯನ್ನು ಕಂಪನಿಯ ಬೀರುವಿನಲ್ಲಿ ಇಟ್ಟುಕೊಂಡು ಹುಡುಗರನ್ನು ಹಿಡಿದಿಡುವ ಪದ್ಧತಿಗಂತೂ ಯಾವ ಸಮರ್ಥನೆಯೂ ನನಗೆ ಕಾಣುತ್ತಿಲ್ಲ.

ಈಗ ಮುಂದಿನ ಉದ್ಯೋಗದ ಪ್ರಶ್ನೆ. ಹೆಚ್ಚು ಗೊಂದಲ ಇರುವುದು ಇಲ್ಲೇ, ಹೆಚ್ಚು ನಷ್ಟವಾಗುವುದೂ ಇಲ್ಲೇ.

ಹೇಳದೆ ಬಿಟ್ಟರೆ ಮುಂದೆ ಎಲ್ಲೂ ಕೆಲಸ ಸಿಗುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಅದು ಹೆಚ್ಚಾಯಿತು. ನಂಜನಗೂಡಿನಲ್ಲಿ ಕೈಗಳಿಗೆ ಬೇಡಿಕೆ ಇರುವವರೆಗೆ ಆಪರೇಟರ್, ಹೆಲ್ಪರ್, ಪ್ಯಾಕಿಂಗ್ ಕೆಲಸಗಳಿಗೆ ಹಳೆಯ ಕಂಪನಿಯ ಪತ್ರವನ್ನು ಯಾರೂ ಕೇಳುವುದಿಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಇದ್ದರೆ ಸಾಕು. ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳುವವರೂ ಇದ್ದಾರೆ. ಅದೂ ಪೂರ್ತಿ ಸರಿಯಲ್ಲ. ಒಬ್ಬನೇ ಗುತ್ತಿಗೆದಾರ ಹಲವು ಕಾರ್ಖಾನೆಗಳಿಗೆ ಜನ ಕೊಡುತ್ತಾನೆ. ಎಚ್‌ಆರ್ ವಿಭಾಗದವರು ಒಬ್ಬರನ್ನೊಬ್ಬರು ಬಲ್ಲರು, ಅವರೂ ಆಗಾಗ ಕಂಪನಿ ಬದಲಿಸುವವರೇ. ಸೂಪರ್‌ವೈಸರ್, ಕ್ವಾಲಿಟಿ, ಲ್ಯಾಬ್ ಕೆಮಿಸ್ಟ್, ಸ್ಟಾಫ್ ನರ್ಸ್ ಮಟ್ಟಕ್ಕೆ ಏರಿದಾಗ ಅನುಭವ ಪತ್ರ, ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ಆಗ ಇಪ್ಪತ್ತನೇ ವಯಸ್ಸಿನಲ್ಲಿ ಫೋನ್ ಆಫ್ ಮಾಡಿ ಬಿಟ್ಟ ಎರಡು ವರ್ಷದ ಅನುಭವ ಕಾಗದದ ಮೇಲೆ ಇಲ್ಲದಂತಾಗುತ್ತದೆ. ಮೊದಲ ಜಿಗಿತದಲ್ಲಿ ಗೊತ್ತಾಗದ ನಷ್ಟ ಮೂರನೇ ಜಿಗಿತದಲ್ಲಿ ಗೊತ್ತಾಗುತ್ತದೆ.

ಪಿಎಫ್ ದಾಖಲೆಯ ತೊಡಕು ಇದಕ್ಕಿಂತ ಗಟ್ಟಿ. 2014ರಿಂದ ಪ್ರತಿ ಸದಸ್ಯನಿಗೂ ಒಂದೇ ಯುಎಎನ್ ಸಂಖ್ಯೆ. ಎಲ್ಲಿ ಸೇರಿದ, ಎಲ್ಲಿ ಬಿಟ್ಟ ಎಂಬುದು ಅದರ ಕೆಳಗೆ ಸಾಲಾಗಿ ಕಾಣುತ್ತದೆ. ಹೇಳದೆ ಹೋದವನ ‘ಬಿಟ್ಟ ದಿನಾಂಕ’ವನ್ನು ಹಳೆಯ ಕಂಪನಿ ನಮೂದಿಸದೆ ಬಿಟ್ಟರೆ, ದಾಖಲೆಯ ಪ್ರಕಾರ ಅವನು ಎರಡು ಕಡೆ ದುಡಿಯುತ್ತಿದ್ದಾನೆ, ಹಣ ವರ್ಗಾವಣೆಯೂ ಸಿಕ್ಕಿಕೊಳ್ಳುತ್ತದೆ. ಪಿಎಫ್ ದುಡಿಯುವವರಿಗೆ ಎಷ್ಟು ಮುಖ್ಯ ಎಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು ತೋರಿಸಿದರು. ಹಣ ತೆಗೆಯುವುದಕ್ಕೆ ಹಾಕಿದ್ದ ಹೊಸ ನಿರ್ಬಂಧವನ್ನು ಕೇಂದ್ರ ಸರ್ಕಾರ ಹಿಂಪಡೆಯಬೇಕಾಯಿತು. ಆ ಹಣವನ್ನು ಬಿಟ್ಟ ನೌಕರನ ಮೇಲಿನ ಸಿಟ್ಟಿಗೆ ಒತ್ತೆಯಾಗಿ ಬಳಸುವುದು ಸರಿಯಲ್ಲ. 2020ರ ಜನವರಿಯಿಂದ ಈ ಸಿಟ್ಟಿಗೆ ಅಷ್ಟು ಬಲವೂ ಉಳಿದಿಲ್ಲ. ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯನೇ ಪೋರ್ಟಲ್ಲಿನಲ್ಲಿ ದಿನಾಂಕ ತುಂಬಬಹುದು. ಗೇಟಿನ ಹೊರಗೆ ಇದನ್ನು ಬಲ್ಲವರು ಕಡಿಮೆ.

ಸಂಬಳ, ಗ್ರಾಚ್ಯುಟಿಗಳ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವನ ಬಾಕಿ ವೇತನವನ್ನೂ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನೋಟಿಸ್ ಇಲ್ಲದೆ ಹತ್ತು ಅಥವಾ ಹೆಚ್ಚು ಜನ ಕೂಡಿಕೊಂಡು, ಸಕಾರಣವಿಲ್ಲದೆ ಗೈರಾದಾಗ ಎಂಟು ದಿನದವರೆಗಿನ ವೇತನ ಮುರಿದುಕೊಳ್ಳಲು ಕಾನೂನು ಬಿಟ್ಟಿದೆ. ಒಬ್ಬನೇ ಹೋದದ್ದಕ್ಕೆ ದುಡಿದ ದಿನಗಳ ಕೂಲಿಯನ್ನೇ ನುಂಗಲು ಅದು ಅನುಮತಿಯಲ್ಲ. ಐದು ವರ್ಷ ಪೂರೈಸಿದವನ ಗ್ರಾಚ್ಯುಟಿ ರಾಜೀನಾಮೆಯಿಂದ ಹೋಗುವುದಿಲ್ಲ. ಅದನ್ನು ತಡೆಯಬಹುದಾದ ಕಾರಣಗಳು ಆಸ್ತಿಗೆ ಹಾನಿ, ಹಿಂಸೆ, ನೀತಿಬಾಹಿರ ಅಪರಾಧದಂಥವು. ಹಾಗೆಯೇ ಕೆಲವು ದಿನ ಬಾರದವನ ಹೆಸರನ್ನು ತಾನಾಗಿ ಹೊಡೆದುಹಾಕುವಂತಿಲ್ಲ ಎಂದು ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಕೇಳಿ ತಿಳಿಯದೆ ತೆಗೆದ ಆ ಕಾರ್ಮಿಕನನ್ನು ಅರ್ಧ ಹಿಂಬಾಕಿ ವೇತನದೊಂದಿಗೆ ಮರಳಿ ಸೇರಿಸಲು ಆದೇಶಿಸಿತು.

ಇಷ್ಟೆಲ್ಲ ರಕ್ಷಣೆ ಇರುವಾಗ ಮೌನವಾಗಿ ಹೋಗುವುದರಿಂದ ಕೆಲಸಗಾರನೇ ಹೆಚ್ಚು ಕಳೆದುಕೊಳ್ಳುತ್ತಾನೆ ಎಂಬ ಮಾತನ್ನು ಮಾಲೀಕರ ಪಕ್ಷದವರು ಹೇಳಿದಾಗ ಅದರಲ್ಲಿ ಸತ್ಯವಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಹೆಚ್ಚು ನೋವಿನದು. ಬಸುರಿಯಾದ ಮೇಲೆ ‘ಇನ್ನು ಆಗಲ್ಲ’ ಎಂದು ಮನೆಯಲ್ಲಿ ಉಳಿದುಬಿಡುವವರು ನಮ್ಮ ಹಳ್ಳಿಗಳಲ್ಲಿ ಬಹಳ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳ ಸಹಿತ ರಜೆ ಅವರ ಹಕ್ಕು. ಒಂದು ಅರ್ಜಿ ಕೊಟ್ಟಿದ್ದರೆ ಸಿಗುತ್ತಿದ್ದ ಆರು ತಿಂಗಳ ಆಸರೆಯನ್ನು, ಯಾರೂ ಹೇಳದ ಕಾರಣಕ್ಕೆ, ಅವರು ಬಿಟ್ಟುಕೊಡುತ್ತಾರೆ. ಇದನ್ನು ಆ ಹೆಣ್ಣುಮಗಳ ಬೇಜವಾಬ್ದಾರಿ ಎಂದು ನಾನು ಎಣಿಸಲಾರೆ, ತಿಳಿಸಬೇಕಾದವರು ತಿಳಿಸಲಿಲ್ಲ.

ಹೊಸ ಮಾಲೀಕನಿಗೆ ತಿಳಿಯುವ ಹಕ್ಕಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಇದೆ. ಔಷಧ, ಆಹಾರ ತಯಾರಿಕೆಯಂಥ ಕಡೆ ಯಾರು ನಂಬಿಕಸ್ಥರು ಎಂದು ವಿಚಾರಿಸುವುದು ಮಾಲೀಕರ ಕರ್ತವ್ಯವೇ. ಪ್ರತಿ ಸಲವೂ ಹೇಳದೆ ಬಿಟ್ಟು ಬಂದವನನ್ನು ನಂಬದಿರುವುದು ದ್ವೇಷವಲ್ಲ. ಆದರೆ ‘ನೋಟಿಸ್ ಕೊಡದೆ ಬಿಟ್ಟ’ ಎಂಬುದನ್ನು ‘ನಡತೆ ಸರಿಯಿಲ್ಲ’ ಎಂದು ಫೋನಿನಲ್ಲಿ ಹೇಳಿಬಿಡುವುದು ಬೇರೆ ವಿಷಯ. ಮೊದಲನೆಯದು ಘಟನೆ, ಎರಡನೆಯದು ತೀರ್ಪು. ಬರಹವಿಲ್ಲದೆ, ಉತ್ತರಿಸುವ ಅವಕಾಶವಿಲ್ಲದೆ ಕೊಟ್ಟ ಆ ತೀರ್ಪಿನಿಂದ ಒಬ್ಬನ ಅನ್ನ ಹೋಗಬಹುದು.

ತಡಮಾಡದೆ ಹೊರಡಬೇಕಾದ ಸಂದರ್ಭಗಳೂ ಇವೆ, ಅವುಗಳ ಬಗ್ಗೆ ಎರಡೂ ಪಕ್ಷಗಳಲ್ಲಿ ದೊಡ್ಡ ಭಿನ್ನಾಭಿಪ್ರಾಯ ಇರಬೇಕಿಲ್ಲ. ಎರಡು ತಿಂಗಳ ಸಂಬಳ ಬಾಕಿ ಇಟ್ಟವರಿಗೆ ಮೂರನೇ ತಿಂಗಳು ನೋಟಿಸ್ ಎಂದು ದುಡಿಯಬೇಕಿಲ್ಲ. ಲೈಂಗಿಕ ಕಿರುಕುಳ ಅನುಭವಿಸಿದವಳು ಅದೇ ಮೇಲ್ವಿಚಾರಕನ ಕೆಳಗೆ ಮೂವತ್ತು ದಿನ ನಿಲ್ಲಬೇಕೆಂದು ಯಾರೂ ಕೇಳಲಾಗದು. ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲೂ ದೂರು ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ, ಅಲ್ಲಿ ಬರೆದುಕೊಟ್ಟು ಹೋದರೆ ಅವಳ ಪಕ್ಷ ಬಲವಾಗುತ್ತದೆ. ಅಪಾಯದ ವಿಷಯ ಸ್ವಲ್ಪ ಸೂಕ್ಷ್ಮ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿದ ತಿದ್ದುಪಡಿ, ಸನ್ನಿಹಿತ ಅಪಾಯ ಕಂಡ ಕಾರ್ಮಿಕನಿಗೆ ಅದನ್ನು ಆಡಳಿತದ ಗಮನಕ್ಕೆ ತರುವ ಹಕ್ಕು ಕೊಟ್ಟಿತು. ಅದು ಎಚ್ಚರಿಸುವ ಹಕ್ಕು. ಎಚ್ಚರಿಸಿಯೂ ಕೇಳದಿದ್ದರೆ ಹೊರಟವನನ್ನು ದೂಷಿಸಲಾಗದು. ಎಚ್ಚರಿಸದೆ, ಪಕ್ಕದವನಿಗೂ ಹೇಳದೆ ಹೊರಟರೆ ಮಾತು ಬೇರೆ.

ಇನ್ನು ನಾಟಿ, ಕುಯ್ಲು, ದೊಡ್ಡ ಜಾತ್ರೆ. ಕಾಲುವೆಗೆ ನೀರು ಬಿಟ್ಟ ವಾರ ನರಸೀಪುರದ ಗದ್ದೆ ಬಯಲಿನ ಮನೆಗಳಲ್ಲಿ ಎಲ್ಲರ ಕೈಯೂ ಬೇಕು. ಮಗ ಕಾರ್ಖಾನೆಯಲ್ಲಿದ್ದರೂ ಅಷ್ಟೆ. ಅವನು ಕೆಲಸ ಬಿಟ್ಟಿರುವುದಿಲ್ಲ, ಹೇಳದೆ ರಜೆ ಮಾಡಿರುತ್ತಾನೆ. ಹತ್ತು ದಿನ ಕಳೆದು ಬಂದಾಗ ಹೆಸರು ಇರುವುದಿಲ್ಲ. ಇದು ವರ್ಷ ವರ್ಷವೂ ಗೊತ್ತಿರುವ ಸಂಗತಿಯಾದ್ದರಿಂದ, ಮೊದಲೇ ಮಾತಾಡಿ ಪಾಳಿ ಹೊಂದಿಸಿಕೊಳ್ಳುವುದು ಎರಡೂ ಕಡೆಯವರಿಗೆ ಸಾಧ್ಯ.

ಎರಡೂ ಪಕ್ಷಗಳನ್ನು ಕೇಳಿದ ಮೇಲೆ ನನ್ನ ಒಲವು ಹೀಗಿದೆ, ಹಿಂಜರಿಕೆಯಿಂದಲೇ ಹೇಳುತ್ತೇನೆ. ನೋಟಿಸಿನ ನಿಯಮ ಬೇಕು, ಆದರೆ ಅದು ಮಾಲೀಕ ಕೊಡಲು ಒಪ್ಪಿದಷ್ಟೇ ಉದ್ದ ಇರಬೇಕು. ಗುತ್ತಿಗೆಯವನನ್ನು ಒಂದು ವಾರದ ಸೂಚನೆಯಿಲ್ಲದೆ ತೆಗೆಯುವುದಿಲ್ಲ ಎಂದು ಬರೆದುಕೊಟ್ಟ ಕಂಪನಿ ಅವನಿಂದ ಒಂದು ವಾರ ಕೇಳಲಿ. ಏನೂ ಕೊಡದವರು ಏನೂ ಕೇಳದಿರಲಿ. ರಿಯಾಕ್ಟರ್, ಬಾಯ್ಲರ್, ಐಸಿಯು, ಪರೀಕ್ಷೆಯ ತರಗತಿಯಂಥ ಕಡೆ ಅವಧಿ ಹೆಚ್ಚಿರಬೇಕಾದೀತು, ಆದರೆ ಅದಕ್ಕೆ ತಕ್ಕ ಸಂಬಳವೂ ಭದ್ರತೆಯೂ ಇರಬೇಕು. ಹೋಗುವವನು ಉಳಿದ ದಿನಗಳ ಲೆಕ್ಕವನ್ನು ಬಾಕಿ ರಜೆಯಲ್ಲೋ ನೋಟಿಸ್ ಸಂಬಳದಲ್ಲೋ ಸರಿದೂಗಿಸಲು ದಾರಿ ಇರಲಿ. ಹೇಗೆ ಬಿಟ್ಟರೂ, ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಕೆಲಸ ಮಾಡಿದ್ದಾರೆ ಎಂಬ ಸೇವಾ ಪತ್ರವನ್ನು ತಡೆಹಿಡಿಯಬಾರದು, ದುಡಿದದ್ದು ದುಡಿದದ್ದೇ. ನೋಟಿಸ್ ಕೊಡಲಿಲ್ಲ ಎಂಬುದನ್ನು ಬೇಕಾದರೆ ಅದರಲ್ಲೇ ಬರೆಯಲಿ, ಅದಕ್ಕಿಂತ ಹೆಚ್ಚನ್ನು ಫೋನಿನಲ್ಲಿ ಸೇರಿಸದಿರಲಿ.

ಕೆಲಸಗಾರರಿಗೆ ನನ್ನ ಕೋರಿಕೆ ಸಣ್ಣದು. ಒಂದು ತಿಂಗಳು ಕೊಡಲಾಗದಿದ್ದರೆ ಒಂದು ವಾರ ಕೊಡಿ; ಅದೂ ಆಗದಿದ್ದರೆ ಹೊರಡುವ ಮೊದಲು ಇಂಥ ದಿನದಿಂದ ಬರುವುದಿಲ್ಲ, ಕಾರಣ ಇದು ಎಂದು ಕನ್ನಡದಲ್ಲೇ ಎರಡು ಸಾಲು ಬರೆದು ಸೂಪರ್‌ವೈಸರಿಗೂ ಗುತ್ತಿಗೆದಾರನಿಗೂ ವಾಟ್ಸಾಪ್ ಮಾಡಿ, ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸ್ಯಾಲರಿ ಸ್ಲಿಪ್, ಯುಎಎನ್ ಸಂಖ್ಯೆ, ಇಎಸ್‌ಐ ಕಾರ್ಡು ನಿಮ್ಮ ಕೈಯಲ್ಲಿರಲಿ. ಬಾಕಿ ಸಂಬಳಕ್ಕೆ ಅಲೆದಾಡಿಸಿದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಲಿಖಿತ ದೂರು ಕೊಡಿ. ಎಚ್‌ಆರ್ ವಿಭಾಗದವರಲ್ಲಿ ಮತ್ತು ಗುತ್ತಿಗೆದಾರರಲ್ಲಿ ಕೇಳಿಕೊಳ್ಳುವುದು ಇನ್ನೂ ಸಣ್ಣದು: ಆ ಎರಡು ಸಾಲು ಬಂದಾಗ ‘ತಲುಪಿತು’ ಎಂದು ಉತ್ತರಿಸಿ, ಪಿಎಫ್ ದಾಖಲೆಯಲ್ಲಿ ಬಿಟ್ಟ ದಿನಾಂಕವನ್ನು ಅದೇ ತಿಂಗಳು ನಮೂದಿಸಿ.